ಅನಾಥರೂ ಅಭಿಜ್ಞಾನವೂ

ಮನುಷ್ಯನು ತಾನು ಯಾರೆಂಬುದನ್ನು ತಾನು ಬಲ್ಲನು. ಆದರೆ ಲೋಕಕ್ಕೆ ಅದನ್ನು ಸಿದ್ಧಪಡಿಸಬೇಕಾದಾಗ ತನ್ನ ಮಾತು ಸಾಲದೆ ಪರರ ಸಾಕ್ಷ್ಯವನ್ನು ಬೇಡಬೇಕಾಗುತ್ತದೆ. ತಾನು ಹುಟ್ಟಿದ ಗಳಿಗೆಯನ್ನು ಯಾರೂ ನೆನಪಿನಿಂದ ಹೇಳಲಾರರು. ತನ್ನ ಹೆಸರನ್ನು ಯಾರೂ ತೊಟ್ಟಿಲಲ್ಲಿ ಮಲಗಿ ತಾನೇ ಇಟ್ಟುಕೊಂಡವರಲ್ಲ. ತಾಯಿ ಹೇಳಿದುದರಿಂದ ದಿನ ತಿಳಿಯಿತು. ಹಿರಿಯರು ಕರೆದುದರಿಂದ ಹೆಸರು ನಿಂತಿತು. ನೆರೆಹೊರೆಯವರು ಒಪ್ಪಿದುದರಿಂದ ಇಂಥವರ ಮಗನೆಂಬ ಮಾತು ಊರಿನಲ್ಲಿ ಸಂದಿತು. ಹೀಗೆ ಪ್ರತಿಯೊಬ್ಬನ ಗುರುತೂ ಪರರು ಕೊಟ್ಟದ್ದೇ ಆಗಿದೆ. ಕೊಟ್ಟವರು ಹತ್ತಿರವೇ ಇರುವುದರಿಂದ, ಅದು ಕೊಟ್ಟದ್ದೆಂಬ ಅರಿವು ಪಡೆದವನಿಗೆ ಉಂಟಾಗುವುದಿಲ್ಲ. ತಾಯಿತಂದೆಗಳನ್ನು ಕಾಣದೆ, ಇಂಥದೇ ಮನೆಯೆಂದು ಹೇಳಿಕೊಳ್ಳಲು ಮನೆಯೂ ಇಲ್ಲದೆ ಬೆಳೆದ ತರುಣನೊಬ್ಬನು ಕಚೇರಿಯ ಕಿಟಕಿಯ ಮುಂದೆ ನಿಂತು, ತಾನು ಯಾರೆಂಬುದಕ್ಕೆ ಆಧಾರವನ್ನು ತೋರಲಾರದೆ ಹಿಂದಿರುಗುವಾಗ, ಆ ಕೊಡುಗೆಯ ಬೆಲೆ ತಿಳಿಯಬರುತ್ತದೆ. ಇಂಥವನ ವಿಷಯದಲ್ಲಿ ಸಮಾಜದ ಕರ್ತವ್ಯವೇನು? ಅನ್ನವಸ್ತ್ರಗಳನ್ನು ಕೊಟ್ಟರೆ ಆ ಕರ್ತವ್ಯ ತೀರುವುದೋ, ಅಥವಾ ಅವನಿಗಾಗಿ ಸಾಕ್ಷಿ ನುಡಿಯುವುದೂ ಅದರಲ್ಲಿ ಸೇರಿದೆಯೋ? ಇದೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆ.

ಈ ಪ್ರಶ್ನೆ ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಚನ್ನಪಟ್ಟಣದ ಸೀಮೆಯಲ್ಲಿ ಹರಿಯುವ ಹೊಳೆಗೆ ಕಣ್ವವೆಂದು ಹೆಸರು. 1946ರಲ್ಲಿ ಅದಕ್ಕೆ ಕಟ್ಟಿದ ಜಲಾಶಯವೂ ಅದೇ ಹೆಸರಿನದು. ಆ ಹೆಸರು ಕಣ್ವಮಹರ್ಷಿಗಳದೆಂದೇ ಜನರ ನಂಬಿಕೆ. ಕಣ್ವರೆಂದೊಡನೆ ನೆನಪಿಗೆ ಬರುವವಳು ಅವರ ಸಾಕುಮಗಳಾದ ಶಕುಂತಲೆ. ಹೆತ್ತ ತಾಯಿಯಾದ ಮೇನಕೆ ಕಾಡಿನಲ್ಲಿ ಬಿಟ್ಟುಹೋದ ಶಿಶುವನ್ನು ಹಕ್ಕಿಗಳು ಕಾದವು. ಋಷಿಯು ಎತ್ತಿ ಸಾಕಿದನು. ಶಕುಂತಗಳು ಕಾಪಾಡಿದುದರಿಂದಲೇ ಆ ಹೆಸರು ಬಂದಿತು. ಮುಂದೆ ಅವಳು ರಾಜಸಭೆಯಲ್ಲಿ ನಿಂತಾಗ ಅವಳನ್ನು ಯಾರೆಂದು ಒಪ್ಪಬೇಕೆಂಬುದೇ ವಿವಾದವಾಯಿತು. ಕಾಳಿದಾಸನ ನಾಟಕದಲ್ಲಿ ಶಾಪದ ದೆಸೆಯಿಂದ ದೊರೆಗೆ ಮರೆವು ಕವಿದಿದೆ. ಗುರುತಿನ ಉಂಗುರವು ನೀರಿನಲ್ಲಿ ಜಾರಿಹೋಗಿದೆ. ಉಂಗುರವಿಲ್ಲದ ಸತ್ಯಕ್ಕೆ ಸಭೆಯಲ್ಲಿ ಬೆಲೆಯಿಲ್ಲ. ಕಡೆಗೆ ಆ ಉಂಗುರವು ಮೀನಿನ ಹೊಟ್ಟೆಯಲ್ಲಿ ಬೆಸ್ತನೊಬ್ಬನಿಗೆ ಸಿಕ್ಕಿದಾಗ ಕಾವಲಿನವರು ಅವನನ್ನೇ ಕಳ್ಳನೆಂದು ಹಿಡಿಯುತ್ತಾರೆ. ಉಂಗುರವಿಲ್ಲದವಳು ಸುಳ್ಳುಗಾತಿ, ಉಂಗುರವಿದ್ದ ಬಡವನು ಕಳ್ಳ. ಇದು ಕವಿ ಕಂಡ ಲೋಕರೀತಿ.

ವ್ಯಾಸರ ಕಥೆಯಲ್ಲಾದರೋ ಉಂಗುರವೇ ಇಲ್ಲ. ಅಲ್ಲಿ ಶಕುಂತಲೆ ಮಗನ ಕೈಹಿಡಿದು ಬಂದು ಸತ್ಯವೊಂದನ್ನೇ ಮುಂದಿಟ್ಟು ವಾದಿಸುತ್ತಾಳೆ. ದೊರೆಗೆ ನೆನಪಿದ್ದರೂ ಅರಿಯದವನಂತೆ ನುಡಿಯುತ್ತಾನೆ. ಅಶರೀರವಾಣಿಯು ಸಾಕ್ಷಿ ನುಡಿದ ಮೇಲೆ ಅವಳನ್ನು ಸ್ವೀಕರಿಸಿ, ಕೇವಲ ಅವಳ ಮಾತಿನ ಮೇಲೆ ಒಪ್ಪಿದ್ದರೆ ಪ್ರಜೆಗಳು ಸಂದೇಹಪಡುತ್ತಿದ್ದರೆಂದು ಕಾರಣ ಹೇಳುತ್ತಾನೆ. ಈ ಕಾರಣವನ್ನು ನುಣುಚಿಕೊಳ್ಳುವ ಮಾತೆಂದು ತಳ್ಳಿಬಿಡುವುದು ಸುಲಭ. ಆದರೆ ಅದರಲ್ಲಿ ರಾಜ್ಯಾಡಳಿತದ ಒಂದು ನಿಜವಾದ ಕಷ್ಟವೂ ಅಡಗಿದೆ. ಅರಸನ ಖಾಸಾ ತಿಳಿವಳಿಕೆ ಬೇರೆ, ಸಭೆಯೆಲ್ಲ ಒಪ್ಪುವ ಪ್ರಮಾಣ ಬೇರೆ. ಎರಡನೆಯದನ್ನು ಕೇಳುವುದು ತಪ್ಪಲ್ಲ. ಆದರೆ ಯಾರ ಕೈಯಲ್ಲಿ ಪ್ರಮಾಣವಿರಲು ಸಾಧ್ಯವೇ ಇಲ್ಲವೋ ಅವರಿಂದ ಅದನ್ನು ಕೇಳಿ ಸುಮ್ಮನಾಗುವುದು ತಪ್ಪು. ಅಶರೀರವಾಣಿ ಈಗ ಕೇಳಿಸುವುದಿಲ್ಲ. ಆ ಸ್ಥಾನದಲ್ಲಿ ನಿಂತು ನುಡಿಯಬೇಕಾದವರು ಶರೀರವುಳ್ಳವರೇ.

ಈ ಕಾಲಕ್ಕೆ ತಕ್ಕಂತೆ ಒಂದು ಉದಾಹರಣೆಯನ್ನು ಭಾವಿಸಬಹುದು. ಏಳೆಂಟು ವಯಸ್ಸಿನ ಹುಡುಗನೊಬ್ಬನು ಎಲ್ಲಿಯೋ ರೈಲು ಹತ್ತಿ ಚನ್ನಪಟ್ಟಣದ ನಿಲ್ದಾಣದಲ್ಲಿ ಇಳಿಯುತ್ತಾನೆ. ಹೊಂಗನೂರಿನ ದಯಾಳುವಾದ ಗೃಹಸ್ಥನೊಬ್ಬನು ಕರೆತಂದು ಮನೆಯಲ್ಲಿ ಇಟ್ಟುಕೊಳ್ಳುತ್ತಾನೆ. ಹುಡುಗನು ಮನೆಯವರೊಡನೆ ಉಂಡು, ದನ ಕಟ್ಟಿ, ನಾಲ್ಕಕ್ಷರ ಕಲಿತು, ದೊಡ್ಡವನಾಗಿ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸವನ್ನು ಅಭ್ಯಾಸಮಾಡುತ್ತಾನೆ. ಊರಿನವರೆಲ್ಲ ಅವನನ್ನು ಬಲ್ಲರು. ಆದರೆ ಹದಿನೆಂಟು ತುಂಬಿದ ಮೇಲೆ ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ ಆಧಾರ್ ಕೇಳುತ್ತಾರೆ. ಆಧಾರ್ ಮಾಡಿಸಲು ಹೋದರೆ ಜನನ ಪ್ರಮಾಣಪತ್ರವನ್ನು ಕೇಳುತ್ತಾರೆ. ಜನನ ಪ್ರಮಾಣಪತ್ರಕ್ಕೆ ಹೋದರೆ ಎಲ್ಲಿ ಹುಟ್ಟಿದೆ, ತಂದೆತಾಯಿಗಳು ಯಾರೆಂದು ಕೇಳುತ್ತಾರೆ. ಅವನು ಕೈಯಾರೆ ಕಡೆದು ಅರಗಿನ ಬಣ್ಣ ಹಚ್ಚಿದ ಗೊಂಬೆಗೆ, ಅದು ಚನ್ನಪಟ್ಟಣದಲ್ಲಿಯೇ ಹುಟ್ಟಿದುದೆಂದು ಹೇಳುವ ಭೌಗೋಳಿಕ ಸೂಚಕದ ಸರ್ಕಾರಿ ಮನ್ನಣೆಯುಂಟು. ಕಡೆದವನಿಗೆ ಯಾವ ಊರೆಂದು ಹೇಳುವ ಕಾಗದವಿಲ್ಲ. 2007ರಲ್ಲಿ ರಾಮನಗರವೆಂದು ರಚಿತವಾದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಸರ್ಕಾರದ ಒಂದು ಆಜ್ಞೆಯಿಂದ ಜಿಲ್ಲೆಗೇ ಹೊಸ ಹೆಸರು ಸಿಕ್ಕಬಹುದಾದರೆ, ಹುಡುಗನಿಗೆ ಇರುವ ಒಂದು ಹೆಸರನ್ನು ಬರೆದುಕೊಡುವುದೇಕೆ ಇಷ್ಟು ದುಸ್ತರವಾಗಬೇಕು?

ಹೀಗೆಂದ ಮಾತ್ರಕ್ಕೆ ಕಾಗದಪತ್ರಗಳನ್ನು ಕೇಳುವುದೇ ಅನ್ಯಾಯವೆಂದು ಹೇಳಲಾಗದು. ಗುರುತಿನ ಪತ್ರವು ಮುಖ್ಯವಾಗಿ ದುರ್ಬಲರ ಕವಚ. ಹಿಂದಿನ ದಶಕಗಳಲ್ಲಿ ರಾಮನಗರ, ಮಾಗಡಿಗಳ ರೇಷ್ಮೆ ಕಾರ್ಖಾನೆಗಳಲ್ಲಿ ಎಳೆಯ ಮಕ್ಕಳು ಸಾಲದ ಒತ್ತೆಗೆ ದುಡಿಯುತ್ತಿದ್ದ ಸಂಗತಿ ಜಗತ್ತಿಗೆಲ್ಲ ತಿಳಿದುದು. ವಯಸ್ಸಿಗೆ ದಾಖಲೆಯಿಲ್ಲದ ಮಗುವನ್ನು ದುಡಿಸುವವನು ದೊಡ್ಡವನೆಂದು ಹೇಳಿ ಪಾರಾಗುವುದು ಎಷ್ಟು ಸುಲಭ! ಬಾಲ್ಯವಿವಾಹವನ್ನು ತಡೆಯಬೇಕಾದರೂ ಹುಡುಗಿಯ ವಯಸ್ಸಿಗೆ ಪ್ರಮಾಣ ಬೇಕು. 2017ರಲ್ಲಿ ಬೆಂಗಳೂರಿನ ಆಶ್ರಯಧಾಮವೊಂದರ ಮಕ್ಕಳಿಗೆ ಆಧಾರ್ ನೋಂದಣಿ ಮಾಡಿಸುವಾಗ, ಒಬ್ಬ ಹುಡುಗನ ಬೆರಳಚ್ಚು ಅದಾಗಲೇ ದಾಖಲಾಗಿರುವುದು ಕಂಡುಬಂದು, ಆ ಜಾಡನ್ನು ಹಿಡಿದು ಇಂದೂರಿನಲ್ಲಿದ್ದ ಅವನ ತಾಯಿತಂದೆಗಳು ಪತ್ತೆಯಾದರು. ಕಳೆದುಹೋದವನನ್ನು ಮನೆಗೆ ತಲುಪಿಸುವ ಶಕ್ತಿಯೂ ಗುರುತಿಗೆ ಉಂಟೆಂಬುದಕ್ಕೆ ಇದೇ ನಿದರ್ಶನ. ಗುರುತು ಸಂಕೋಲೆಯೂ ಆಗಬಹುದೆಂಬ ಭಯವೂ ನಿರಾಧಾರವಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರಂದು ಆಧಾರ್ ಶಾಸನವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತಾದರೂ, ಆ ಸಂಖ್ಯೆಯಿಲ್ಲವೆಂಬ ಕಾರಣದಿಂದ ಯಾವ ಮಗುವಿಗೂ ಸೌಲಭ್ಯವನ್ನು ನಿರಾಕರಿಸಬಾರದೆಂದು ವಿಧಿಸಿತು. ಆದಕಾರಣ ವಿವಾದವು ಗುರುತು ಬೇಕೋ ಬೇಡವೋ ಎಂಬುದಲ್ಲ. ಅದನ್ನು ಒದಗಿಸುವ ಹೊಣೆ ಯಾರದೆಂಬುದು.

ಇಲ್ಲಿ ನ್ಯಾಯವು ಸರಳವಾಗಿದೆ. ಉಂಗುರವನ್ನು ತೋರಿದವರಿಗೆ ಮಾತ್ರ ಬಾಗಿಲು ತೆರೆಯುವೆನೆಂದು ಯಾರು ವಿಧಿಸುತ್ತಾರೋ, ಉಂಗುರವಿಲ್ಲದವರಿಗೆ ಅದನ್ನು ಮಾಡಿಸಿಕೊಡುವ ಋಣವೂ ಅವರದೇ. ಮನೆಯುಳ್ಳವನಿಗೆ ಈ ಋಣವನ್ನು ಅವನ ತಾಯಿತಂದೆಗಳು ತೀರಿಸುತ್ತಾರೆ. ಯಾರೂ ಇಲ್ಲದವನಿಗೆ ತೀರಿಸಬೇಕಾದದ್ದು ಎಲ್ಲರೂ ಸೇರಿದ ಸಮಾಜ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಹುಟ್ಟಿದ ಕೂಡಲೆ ನೋಂದಣಿಯನ್ನೂ ಹೆಸರನ್ನೂ ಪಡೆಯುವುದು ಮಗುವಿನ ಹಕ್ಕೆಂದು ಹೇಳಿದೆ. ಹಕ್ಕೆಂದ ಮೇಲೆ ಕೊಡುವವನು ದಾನಿಯಲ್ಲ, ಸಾಲಗಾರ.

ಭಾರತದ ಶಾಸನಗಳು ಈ ಋಣವನ್ನು ಬರಹದಲ್ಲಿ ಬಹಳ ಮಟ್ಟಿಗೆ ಒಪ್ಪಿಕೊಂಡಿವೆ. 1969ರ ಜನನ ಮರಣ ನೋಂದಣಿ ಶಾಸನದಲ್ಲಿ, ಬಹಿರಂಗ ಸ್ಥಳದಲ್ಲಿ ಬಿಟ್ಟುಹೋದ ನವಜಾತ ಶಿಶು ಸಿಕ್ಕಿದರೆ ಹಳ್ಳಿಯಲ್ಲಿ ಗ್ರಾಮದ ಮುಖ್ಯಸ್ಥನು ಅಥವಾ ತತ್ಸಮಾನನಾದ ಅಧಿಕಾರಿಯು, ಇತರ ಕಡೆಗಳಲ್ಲಿ ಪೊಲೀಸ್ ಠಾಣೆಯ ಅಧಿಕಾರಿಯು ಅದರ ವರದಿಯನ್ನು ಕೊಡಬೇಕೆಂದಿದೆ. ಅಂದರೆ ತಾಯಿತಂದೆಗಳಿಲ್ಲದ ಶಿಶುವಿಗೆ ಊರೇ ವರದಿಗಾರ. ಹೆಸರಿಡುವ ಮೊದಲೇ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸುವುದಕ್ಕೂ ಅದರಲ್ಲಿ ಅವಕಾಶವಿದೆ. 2023ರ ತಿದ್ದುಪಡಿಯು ಅನಾಥ ಮಕ್ಕಳ, ತ್ಯಜಿಸಲ್ಪಟ್ಟ ಮಕ್ಕಳ, ಅವಿವಾಹಿತ ತಾಯಿಯ ಮಕ್ಕಳ ನೋಂದಣಿಯನ್ನು ಸುಗಮಗೊಳಿಸುವ ಉದ್ದೇಶವನ್ನು ಸ್ಪಷ್ಟವಾಗಿ ಹೇಳಿಕೊಂಡಿದೆ. 2009ರ ಶಿಕ್ಷಣ ಹಕ್ಕಿನ ಶಾಸನದ ಪ್ರಕಾರ ವಯಸ್ಸಿನ ಪ್ರಮಾಣವಿಲ್ಲವೆಂದು ಯಾವ ಮಗುವಿಗೂ ಶಾಲೆಯ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಮಾನ್ಯತೆ ಪಡೆದ ಅನಾಥಾಲಯದ ಮುಖ್ಯಸ್ಥರು ಕೊಟ್ಟ ಪತ್ರವು ಆಧಾರ್ ನೋಂದಣಿಗೆ ಸಲ್ಲುತ್ತದೆ. ಪಾಸ್‌ಪೋರ್ಟಿನ ವಿಷಯದಲ್ಲಿಯೂ, ಬೇರೆ ದಾಖಲೆಯಿಲ್ಲದ ಅನಾಥರ ಜನ್ಮದಿನಕ್ಕೆ ಅಂಥ ಮುಖ್ಯಸ್ಥರ ಘೋಷಣೆಯು ಸಾಕೆಂದು 2016ರ ಡಿಸೆಂಬರಿನಲ್ಲಿ ನಿಯಮವಾಯಿತು. ಮನೆಯಿಲ್ಲದವನು ಮತದಾರನಾಗಬೇಕೆಂದು ಅರ್ಜಿ ಕೊಟ್ಟರೆ, ವಾಸಸ್ಥಳದ ಕಾಗದವನ್ನು ಕೇಳದೆ, ಮತಗಟ್ಟೆಯ ಅಧಿಕಾರಿಯೇ ರಾತ್ರಿಯ ಹೊತ್ತು ಹೋಗಿ ಅವನು ಹೇಳಿದ ಜಾಗದಲ್ಲಿ ಮಲಗಿರುವುದನ್ನು ನೋಡಿ ಬರಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಸಂಪೂರ್ಣ ಧರ್ಮವು ಈ ಕೊನೆಯ ಸೂಚನೆಯಲ್ಲಿದೆ. ಪ್ರಮಾಣವನ್ನು ತರಲಾರದವನ ಬಳಿಗೆ ಪ್ರಮಾಣವನ್ನು ಬೇಡುವವನೇ ನಡೆದುಹೋಗುತ್ತಾನೆ.

ಇಷ್ಟಿದ್ದರೂ ಹೊಂಗನೂರಿನ ಆ ಹುಡುಗನಿಗೆ ಕಾಗದ ಸಿಕ್ಕಲಿಲ್ಲವೇಕೆ? ಈ ಸ್ಥಳದಲ್ಲಿ ದೋಷವು ಕಚೇರಿಯನ್ನು ದಾಟಿ ಸಜ್ಜನರ ಮನೆಯೊಳಕ್ಕೆ ಬರುತ್ತದೆ. 2015ರ ಬಾಲನ್ಯಾಯ ಶಾಸನದ ಪ್ರಕಾರ, ಪೋಷಕರಿಂದ ಅಗಲಿದ ಮಗುವನ್ನು ಕಂಡವನು ಯಾರೇ ಆಗಲಿ, ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಪೊಲೀಸರಿಗೋ, ಮಕ್ಕಳ ಸಹಾಯವಾಣಿಗೋ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು, ತಿಳಿಸದಿರುವುದು ಅಪರಾಧ. ಸಮಿತಿಯು ವಿಚಾರಣೆ ನಡೆಸಿ, ಹೆತ್ತವರನ್ನು ಹುಡುಕಿಸಿ, ಸಿಕ್ಕದಿದ್ದರೆ ಮಗುವನ್ನು ಬಾಲಮಂದಿರಕ್ಕೋ ಪೋಷಕ ಕುಟುಂಬಕ್ಕೋ ಒಪ್ಪಿಸುತ್ತದೆ. ಶಾಲೆಯ ಅಥವಾ ಜನನದ ದಾಖಲೆ ಇಲ್ಲದ ಪಕ್ಷದಲ್ಲಿ ವೈದ್ಯಪರೀಕ್ಷೆಯಿಂದ ವಯಸ್ಸನ್ನು ನಿರ್ಣಯಿಸುವುದೂ ಅದರ ಅಧಿಕಾರದಲ್ಲಿದೆ. ಪೋಷಕ ಕುಟುಂಬಕ್ಕೆ ಮಗುವಿನ ಪಾಲನೆಗಾಗಿ ತಿಂಗಳಿಗೆ ₹4000 ಕೊಡುವ ಏರ್ಪಾಡು 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿದೆ. ಹದಿನೆಂಟು ತುಂಬಿ ಪಾಲನಾಸಂಸ್ಥೆಯನ್ನು ಬಿಡುವವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನೆಯೂ ಉಂಟು. ಈ ಬಾಗಿಲುಗಳೆಲ್ಲ ತೆರೆಯುವುದು ಸಮಿತಿಯ ಒಂದು ಆದೇಶದಿಂದ. ದಯಾಳುವಾದ ಗೃಹಸ್ಥನು ಸಮಿತಿಯ ಮುಂದೆ ಹೋಗಲೇ ಇಲ್ಲ. ಪೊಲೀಸು, ಕಚೇರಿ, ಓಡಾಟ ಏಕೆಂದು ಭಾವಿಸಿ ಹುಡುಗನನ್ನು ಸುಮ್ಮನೆ ಮನೆಯಲ್ಲಿಟ್ಟುಕೊಂಡನು. ಹತ್ತು ವರ್ಷ ಅನ್ನವಿಕ್ಕಿದನು. ಒಂದು ದಿನ ಸಾಕ್ಷಿ ನುಡಿಯಲಿಲ್ಲ. ಹದಿನೆಂಟು ಕಳೆದ ಮೇಲೆ ಸಮಿತಿಯ ಅಧಿಕಾರವೂ ಮುಗಿಯುತ್ತದೆ. ಆಗ ಆ ತರುಣನು ತಾನು ಕಾಣದ ಊರಿನಲ್ಲಿ ನಡೆದ ತನ್ನ ಜನನವನ್ನು ತಾನೇ ರುಜುಪಡಿಸಬೇಕು. ಒಂದು ವರ್ಷ ಮೀರಿದ ಜನನದ ನೋಂದಣಿಗೆ, ಜನನವಾದ ಪ್ರದೇಶದ ದಂಡಾಧಿಕಾರಿಯ ಆದೇಶ ಬೇಕು. ಆ ಪ್ರದೇಶವಾವುದೆಂಬುದೇ ಅವನಿಗೆ ತಿಳಿಯದು. ಅಂತಃಕರಣದಿಂದ ಮಾಡಿದ ಉಪಕಾರವು ದಾಖಲೆಯಿಲ್ಲದೆ ಹೋದುದರಿಂದ ಅರ್ಧದಲ್ಲಿಯೇ ನಿಂತಿತು.

ಬರೆಸದಿದ್ದ ಉಪಕಾರವು ಕೆಲವು ವೇಳೆ ಉಪಕಾರಿಗೇ ಅನುಕೂಲವಾಗಿರುತ್ತದೆಂಬ ಕಹಿಯಾದ ಮಾತನ್ನೂ ಇಲ್ಲಿ ಆಡಬೇಕು. ದಾಖಲೆಯಿಲ್ಲದವನು ಬೇರೆಲ್ಲಿಗೂ ಹೋಗಲಾರನು, ಸಂಬಳವನ್ನು ಕೇಳಲಾರನು, ದೂರನ್ನು ಕೊಡಲಾರನು. ಮನೆಯ ಮಗನಂತೆ ಎಂಬ ಮಾತಿನಲ್ಲಿ 'ಅಂತೆ' ಎಂಬ ಎರಡಕ್ಷರಗಳು ಎಷ್ಟು ಭಾರವೆಂಬುದು ಪಡಿತರ ಚೀಟಿಯಲ್ಲಿ ಹೆಸರು ಬರೆಸುವ ದಿನ ತಿಳಿದುಬರುತ್ತದೆ. ಮಹಾಭಾರತದಲ್ಲಿ ಕಣ್ವರು ಶಕುಂತಲೆಯ ವಿಷಯವನ್ನು ಹೇಳುವಾಗ, ಜನ್ಮವಿತ್ತವನಷ್ಟೇ ಅಲ್ಲದೆ ಪ್ರಾಣ ಕಾಯ್ದವನನ್ನೂ ಅನ್ನವಿತ್ತವನನ್ನೂ ತಂದೆಯರ ಪಂಕ್ತಿಯಲ್ಲಿ ಎಣಿಸಿದ್ದಾರೆ. ಆ ಪದವಿಯನ್ನು ಬಯಸುವವನು ತಂದೆಯು ಮಾಡುವ ಕೆಲಸವನ್ನೂ ಮಾಡಬೇಕು. ತಂದೆಯ ಮೊದಲ ಕೆಲಸವೇ ಜಾತಕರ್ಮ, ನಾಮಕರಣ; ಎಂದರೆ ಈ ಮಗು ಹುಟ್ಟಿದೆ, ಇದಕ್ಕೆ ಇಂಥ ಹೆಸರೆಂದು ನಾಲ್ವರ ಎದುರಿನಲ್ಲಿ ಒಪ್ಪಿಕೊಳ್ಳುವುದು.

ಇನ್ನು ಹೆಚ್ಚು ಸೂಕ್ಷ್ಮವಾದ ಪ್ರಶ್ನೆಯೊಂದುಂಟು. ಸತ್ಕಾರ್ಯಕ್ಕಾಗಿ ಸುಳ್ಳನ್ನು ಬರೆಸಬಹುದೇ? ನೊಂದ ಹುಡುಗನನ್ನು ಕಂಡು ಮರುಗಿದವರು, ತಂದೆಯೆಂದು ತಮ್ಮ ಹೆಸರನ್ನೇ ಬರೆಸಿ, ಅಂದಾಜಿನ ಒಂದು ತಾರೀಕನ್ನು ನಿಜವೆಂದು ಹೇಳಿ, ಒಂದು ಜಾತಿಯನ್ನೂ ಸೇರಿಸಿ ಕೆಲಸವನ್ನು ಮುಗಿಸಿಬಿಡುವುದುಂಟು. ಪ್ರಾಣಸಂಕಟದಲ್ಲಿ ಅನೃತವು ದೋಷವಲ್ಲವೆಂಬ ವಾದವನ್ನೂ ಇದಕ್ಕೆ ಜೋಡಿಸುತ್ತಾರೆ. ಆದರೆ ಕಾಗದದ ಸುಳ್ಳು ನಾಲಗೆಯ ಸುಳ್ಳಿನಂತೆ ಗಾಳಿಗೆ ಹೋಗುವುದಲ್ಲ. ಅದು ಬೆಳೆಯುತ್ತಲೇ ಇರುತ್ತದೆ. ಶಾಲೆಯಲ್ಲಿ ಒಂದು ತಾರೀಕು, ಆಧಾರಿನಲ್ಲಿ ಇನ್ನೊಂದು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು ಸೇರಿಕೊಂಡು, ಉದ್ಯೋಗಕ್ಕೆ ಹೋದ ದಿನ ಮೂರೂ ಒಂದಕ್ಕೊಂದು ಹೊಂದದೆ, ಹೇಳಿದವರು ಪಾರಾಗಿ ಹುಡುಗನೇ ವಂಚಕನೆನಿಸುತ್ತಾನೆ. ಬೆಸ್ತನ ಕೈಗೆ ಉಂಗುರವಿತ್ತು ಕಾವಲಿನವರಿಗೆ ಹಿಡಿಸಿಕೊಟ್ಟಂತೆಯೇ ಆಗುತ್ತದೆ.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆಯು ಈ ಪ್ರಶ್ನೆಗೆ ಉತ್ತರವಾಗಿದೆ. ಗುರುಕುಲಕ್ಕೆ ಹೊರಟ ಹುಡುಗನು ತಾಯಿಯನ್ನು ಗೋತ್ರ ಯಾವುದೆಂದು ಕೇಳುತ್ತಾನೆ. ಜಬಾಲೆಯು ತನಗೆ ತಿಳಿಯದೆಂದೂ, ತನ್ನ ಹೆಸರಿನಿಂದಲೇ ಹೇಳಿಕೊಳ್ಳಬೇಕೆಂದೂ ತಿಳಿಸುತ್ತಾಳೆ. ಹುಡುಗನು ಗೌತಮರ ಮುಂದೆ ಅದನ್ನೇ ಇದ್ದುದಿದ್ದಂತೆ ಹೇಳುತ್ತಾನೆ. ಗುರುಗಳು ಅವನನ್ನು ಸ್ವೀಕರಿಸುತ್ತಾರೆ. ಹುಡುಗನು ಸತ್ಯವನ್ನು ಹೇಳಿದುದು ದೊಡ್ಡದೆಂದು ಈ ಕಥೆಯನ್ನು ಎಲ್ಲರೂ ಹೊಗಳುತ್ತಾರೆ. ಗುರುವು ದಾಖಲಾತಿಯ ಪದ್ಧತಿಯನ್ನು ಆ ಸತ್ಯಕ್ಕೆ ತಕ್ಕಂತೆ ಸಡಿಲಿಸಿದುದು ಅದಕ್ಕಿಂತ ಕಡಮೆಯದಲ್ಲ. 'ತಿಳಿಯದು' ಎಂಬುದನ್ನೂ ಒಂದು ಉತ್ತರವೆಂದು ಸ್ವೀಕರಿಸದ ಕಚೇರಿಯು ತಾನೇ ಸುಳ್ಳನ್ನು ಉತ್ಪತ್ತಿಮಾಡುತ್ತದೆ. ಸರ್ವೋಚ್ಚ ನ್ಯಾಯಾಲಯವು 2015ರ ಜುಲೈ 6ರಂದು, ಅವಿವಾಹಿತ ತಾಯಿಯು ತನ್ನ ಮಗುವಿಗೆ ಜನನ ಪ್ರಮಾಣಪತ್ರವನ್ನು ಬೇಡಿದರೆ ಅವಳ ಪ್ರಮಾಣವಚನದ ಪತ್ರವೊಂದನ್ನು ಪಡೆದು ಕೊಡಬೇಕೆಂದು ತೀರ್ಪಿತ್ತಿತು. ಜಬಾಲೆಗೆ ಗೌತಮರು ತೋರಿದ ನ್ಯಾಯವು ಅಷ್ಟು ಕಾಲದ ಮೇಲೆ ಕಚೇರಿಗಳಿಗೂ ವಿಧಿಯಾಯಿತು.

ಸಂಪ್ರದಾಯಸ್ಥರು ಇದರಲ್ಲಿ ಅಪೂರ್ವವಾದುದನ್ನು ಕಾಣಬೇಕಾಗಿಲ್ಲ. ಗೋತ್ರವನ್ನು ಅರಿಯದವನು ಸಂಕಲ್ಪದಲ್ಲಿ ಕಾಶ್ಯಪಗೋತ್ರವನ್ನು ಹೇಳಿಕೊಳ್ಳುವ ಪದ್ಧತಿಯು ಪುರೋಹಿತರೆಲ್ಲರಿಗೂ ತಿಳಿದುದು. ತಿಳಿಯದವನನ್ನು ಎಬ್ಬಿಸಿ ಹೊರಗೆ ಕಳುಹಿಸುವುದರ ಬದಲು ಅವನಿಗಾಗಿ ಒಂದು ಸ್ಥಾನವನ್ನು ಹಿರಿಯರು ಮೊದಲೇ ಕಲ್ಪಿಸಿದ್ದರು. ಕಾಳಿದಾಸನ ನಾಟಕದಲ್ಲಿ ಕಣ್ವರನ್ನೂ ಕಾಶ್ಯಪರೆಂದೇ ಕರೆದಿರುವುದು ನೆನೆಯತಕ್ಕದ್ದು. ಹಾಗೆಯೇ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದು ನೋಡಿದರೆ, ಜೂನ್ ತಿಂಗಳ ಆಸುಪಾಸಿನಲ್ಲಿಯೇ ಹುಟ್ಟಿದ ಮಕ್ಕಳು ಆಶ್ಚರ್ಯವಾಗುವಷ್ಟು ಮಂದಿ ಸಿಕ್ಕುತ್ತಾರೆ. ಬಡ ಒಕ್ಕಲಿಗನು ಮಗನನ್ನು ತಂದು ಬಿಟ್ಟು, ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದವನೆಂದು ಹೇಳಿದರೆ ಉಪಾಧ್ಯಾಯರು ಶಾಲೆಯ ಆರಂಭಕ್ಕೆ ಹೊಂದುವಂತೆ ಒಂದು ತಾರೀಕನ್ನು ಬರೆದುಕೊಳ್ಳುತ್ತಿದ್ದರು. ಆ ತಾರೀಕಿನ ಆಧಾರದ ಮೇಲೆಯೇ ಎಷ್ಟೋ ಮಂದಿ ಉದ್ಯೋಗಕ್ಕೆ ಸೇರಿ, ಬಡ್ತಿ ಪಡೆದು, ಈಗ ನಿವೃತ್ತಿವೇತನವನ್ನು ಅನುಭವಿಸುತ್ತಿದ್ದಾರೆ. ತಂದೆಯಿದ್ದ ಹುಡುಗನ ಅಂದಾಜನ್ನು ಪ್ರಶ್ನೆಯಿಲ್ಲದೆ ಒಪ್ಪಿದ ಸಮಾಜವು ತಂದೆಯಿಲ್ಲದವನಿಗೆ ಮಾತ್ರ ಗಳಿಗೆಬಟ್ಟಲಿನ ಲೆಕ್ಕವನ್ನು ಕೇಳುವುದು ಯಾವ ನ್ಯಾಯ? ಅಂದಾಜನ್ನು ಅಂದಾಜೆಂದೇ ಬರೆದು, ಅಧಿಕಾರವುಳ್ಳವರು ನಿರ್ಣಯಿಸಿ, ಒಮ್ಮೆ ನಿರ್ಣಯಿಸಿದುದನ್ನು ಎಲ್ಲ ಕಚೇರಿಗಳೂ ಒಪ್ಪಿದರೆ ಸತ್ಯಕ್ಕೂ ಲೋಪವಿಲ್ಲ, ಹುಡುಗನಿಗೂ ತೊಡಕಿಲ್ಲ. ಜಾತಿಯ ವಿಷಯದಲ್ಲಿಯೂ ಇಲ್ಲದುದನ್ನು ಅಂಟಿಸುವುದಕ್ಕಿಂತ, ಮಹಾರಾಷ್ಟ್ರವು 2018ರಲ್ಲಿ ಅನಾಥರಿಗೆಂದೇ ಶೇಕಡಾ 1ರ ಮೀಸಲನ್ನು ಕಲ್ಪಿಸಿದಂತೆ, ಅನಾಥತ್ವವನ್ನೇ ಒಂದು ಸ್ಥಿತಿಯೆಂದು ಗಣಿಸುವುದು ಪ್ರಾಮಾಣಿಕವಾದ ಮಾರ್ಗ.

ಸಾಕ್ಷಿ ನುಡಿಯುವುದಕ್ಕೆ ಸಜ್ಜನರು ಹಿಂಜರಿಯುವುದಕ್ಕೂ ಕಾರಣವುಂಟು. ನಾಳೆ ಅವನು ಕಳ್ಳನಾದರೆ, ಪರದೇಶದವನೆಂದು ತಿಳಿದರೆ, ರುಜು ಹಾಕಿದವರ ಗತಿಯೇನೆಂಬ ಅಳುಕು ಸಹಜ. ಈ ಅಳುಕಿಗೆ ಪರಿಹಾರವು ಸಾಕ್ಷ್ಯದ ಸ್ವರೂಪವನ್ನು ತಿಳಿಯುವುದರಲ್ಲಿದೆ. ಸಾಕ್ಷಿಯೆಂದರೆ ಜಾಮೀನಲ್ಲ, ಕಣ್ಣಾರೆ ಕಂಡುದನ್ನು ಹೇಳುವವನು ಮಾತ್ರ. ಈ ಹುಡುಗನು ಇಂಥ ವರ್ಷದಿಂದ ಈ ಬೀದಿಯಲ್ಲಿದ್ದಾನೆ, ಇಂಥ ಹೆಸರಿನಿಂದ ಕರೆದರೆ ಓಗೊಡುತ್ತಾನೆ, ಇಂಥ ಶಾಲೆಗೆ ಹೋಗುತ್ತಿದ್ದುದನ್ನು ಕಂಡಿದ್ದೇನೆ ಎಂದು ನೆರೆಯವನು ಬರೆದುಕೊಟ್ಟರೆ ಅವನ ಹೊಣೆ ಅಷ್ಟಕ್ಕೇ ನಿಲ್ಲುತ್ತದೆ. ಹುಟ್ಟನ್ನು ಕುರಿತು ಅವನು ಹೇಳಬೇಕಾದುದಿಲ್ಲ. ಪೌರತ್ವವನ್ನು ಕುರಿತು ನಿರ್ಣಯಿಸಬೇಕಾದುದೂ ಇಲ್ಲ. ಆಧಾರ್ ಸಂಖ್ಯೆಯು ಪೌರತ್ವದ ಪ್ರಮಾಣವಲ್ಲವೆಂದು ಆ ಶಾಸನದಲ್ಲಿಯೇ ಹೇಳಿದೆ. ಕಂಡುದಕ್ಕಿಂತ ಹೆಚ್ಚು ಹೇಳುವುದು ಹೇಗೆ ದೋಷವೋ, ಕಂಡುದನ್ನು ಹೇಳದೆ ಉಳಿಯುವುದೂ ಹಾಗೆಯೇ ದೋಷವೆಂಬುದು ಧರ್ಮಶಾಸ್ತ್ರದ ನಿರ್ಣಯ.

ಹೀಗೆ ವಿಚಾರಮಾಡಿದಾಗ ಕರ್ತವ್ಯವು ಪಾಲು ಪಾಲಾಗಿ ತೋರುತ್ತದೆ. ಮಗುವನ್ನು ಕಂಡವನು ಅದೇ ದಿನ ತಿಳಿಸುವುದು. ಪಾಲಿಸುವವನು ಶಾಸನದ ಮೂಲಕ ಪಾಲಿಸುವುದು. ಉಪಾಧ್ಯಾಯನು ಬರೆದ ಹೆಸರನ್ನೂ ತಾರೀಕನ್ನೂ ಮುಂದಿನ ಕಾಗದಗಳೊಡನೆ ಹೋಲಿಸಿ ನೋಡುವುದು. ಪಾಲನಾಸಂಸ್ಥೆಯು ಹದಿನೆಂಟು ತುಂಬುವವರೆಗೆ ಕಾಯದೆ, ಹುಡುಗನು ಹೊಸ್ತಿಲು ದಾಟುವ ಮೊದಲೇ ಅವನ ಪತ್ರಗಳನ್ನೆಲ್ಲ ಅವನ ಕೈಗೆ ಕೊಡುವುದು. ನಾಡಕಚೇರಿಯವನು 'ತಿಳಿಯದು' ಎಂಬ ಉತ್ತರಕ್ಕೆ ಮುಖ ಸಿಂಡರಿಸದಿರುವುದು. ಓದುಬರಹ ಬಲ್ಲ ಗೃಹಸ್ಥನಿಗೆ ಇದರಲ್ಲಿ ವಿಶೇಷವಾದ ಪಾಲೊಂದಿದೆ. ಅರ್ಜಿಯನ್ನು ತುಂಬಬಲ್ಲವನು ಅವನು. ಯಾವ ಮೇಜಿಗೆ ಹೋಗಬೇಕೆಂದು ಬಲ್ಲವನು ಅವನು. ಬಿಳಿಯ ಪಂಚೆಯುಟ್ಟು ಜೊತೆಯಲ್ಲಿ ನಿಂತರೆ ಗುಮಾಸ್ತನು ಒಂದು ಗಳಿಗೆ ಹೆಚ್ಚು ಕಿವಿಗೊಡುವುದೂ ಅವನಿಗೇ. ತನಗೆ ಹುಟ್ಟಿನಿಂದ ಬಂದ ಆ ಗೌರವವನ್ನು ಒಂದು ಮಧ್ಯಾಹ್ನ ಮತ್ತೊಬ್ಬನಿಗಾಗಿ ವೆಚ್ಚಮಾಡುವುದರಿಂದ ಅದು ಸವೆದುಹೋಗುವುದಿಲ್ಲ. ಕಣ್ವರ ಹೆಸರಿನ ಹೊಳೆಯ ನೀರನ್ನು ಕುಡಿಯುವ ಸೀಮೆಯಲ್ಲಿ, ಸಾಕಿದವರು ಸಾಕ್ಷಿ ನುಡಿಯಲಿಲ್ಲವೆಂಬ ಮಾತು ಇನ್ನು ಬರಬಾರದು.